ಮಸಿ

ಫಹಾಹೀಲಿನ ನಮ್ಮ ಶಾಲೆಯ ಲ್ಯಾಬಿಗೆ
ಆ ವರ್ಷ ಹನ್ನೆರಡು ಮೈಕ್ರೋಸ್ಕೋಪು ಬಂದವು.
ಒಂದೊಂದರ ಕತ್ತಿಗೂ ಎಣ್ಣೆ ಕಂಪನಿಯ ಸ್ಟಿಕ್ಕರು, ಹಸಿರು ಎಲೆ,
ಕೆಳಗೆ: ನಾಳೆಯ ವಿಜ್ಞಾನಿಗಳಿಗೆ, ಪ್ರೀತಿಯಿಂದ.
ಸಹಿ ಹಾಕಿ ಇಳಿಸಿಕೊಂಡವಳು ನಾನೇ.

ಏಳನೇ ಕ್ಲಾಸಿನ ರುಫೈದಾ
ಮಂಗಾಫಿನ ತಾರಸಿಯ ಹಗ್ಗಕ್ಕೆ
ಅಪ್ಪನ ಬಿಳಿ ಕರ್ಚೀಫು ದಿನಕ್ಕೊಂದು ಕಟ್ಟಿದಳು,
ಇಪ್ಪತ್ತೊಂದು ದಿನ.
ತೆಂಕಣ ಗಾಳಿಯ ದಿನಕ್ಕೆ ಕೆಂಪು ದಾರ,
ಬಡಗಣದ್ದಕ್ಕೆ ನೀಲಿ.
ರಿಫೈನರಿ ಇರುವುದು ತೆಂಕಣಕ್ಕೆ, ಅದನ್ನು ಅವಳೇನೂ ಬರೆದಿರಲಿಲ್ಲ.
ಅದೇ ಮೈಕ್ರೋಸ್ಕೋಪಿನಡಿ ಇಟ್ಟು
ಒಂದು ಕಣ್ಣು ಮುಚ್ಚಿ ಎಣಿಸಿದಳು:
'ಐರಿನ್ ಟೀಚರ್, ಮರಳು ಮಿನುಗುತ್ತೆ.
ಇದು ಮಿನುಗೋದಿಲ್ಲ.'

ವಿಜ್ಞಾನ ಮೇಳದ ಬ್ಯಾನರು ಗೋಡೆಯಗಲ:
ಪ್ರಶ್ನಿಸಲು ಕಲಿಯಿರಿ.
ಕಂಪನಿಯ ಕಡೆಯಿಂದ ಬಂದವರು ನಮ್ಮವರೇ,
ಕುಂದಾಪುರದ ದಿವಾಕರ ಶೇರೆಗಾರ್.
ಚಾರ್ಟಿನ ಮುಂದೆ ತುಸು ಹೊತ್ತು ನಿಂತರು,
ಕನ್ನಡಕ ಒರೆಸಿಕೊಂಡರು, ಮೆಲ್ಲಗೆ ಕನ್ನಡಕ್ಕೆ ಇಳಿದರು:
'ಮಗು ಭಾರೀ ಚುರುಕು. ತಲೆಬರಹ ಒಂದು...
ಮರುಭೂಮಿ ಅಲ್ವಾ ಟೀಚರ್,
ಧೂಳು ಅಂದರೆ ಯಾರಿಗೂ ಬೇಜಾರಿಲ್ಲ.'

ವೈಟ್ನರ್ ನನ್ನ ಬ್ಯಾಗಿನಲ್ಲೇ ಇತ್ತು.
ಇಂಗ್ಲಿಷಿನಲ್ಲಿ ಮಸಿಗೂ ನಾಲ್ಕಕ್ಷರ, ಧೂಳಿಗೂ ನಾಲ್ಕು;
ಕೊನೆಯದಂತೂ ಎರಡಕ್ಕೂ ಒಂದೇ.
ಮೂರೇ ಮೂರು ಅಳಿಸಿದರೆ ಸಾಕಾಗಿತ್ತು.

ರುಫೈದಾ ಅಳಲಿಲ್ಲ. ಕೇಳಿದಳು:
'ಎಣಿಕೆಯನ್ನೂ ಬದಲಾಯಿಸಬೇಕಾ ಟೀಚರ್?'
ಬೇಡ ಎಂದೆ.
ಅಂಕಿಗಳನ್ನು ಅವರು ಓದುವುದಿಲ್ಲ ಎಂದು
ಹೇಳಬಾರದಿತ್ತು, ಅದನ್ನೂ ಹೇಳಿದೆ.

ಎರಡನೇ ಬಹುಮಾನ, ನೀರಿನ ಬಾಟಲಿ,
ಭೂಮಿ ಉಳಿಸಿ ಎಂದು ಅದರ ಹೊಟ್ಟೆಯ ಮೇಲೆ,
ಸುತ್ತ ಮೂರು ಸುತ್ತು ಪ್ಲಾಸ್ಟಿಕ್ಕು.

ಇದ್ದಿಲು ಮಸಿಗೆ ಬುದ್ಧಿ ಹೇಳಿತಂತೆ,
ಎಂದು ನಗಬಹುದಿತ್ತು ನಾನು,
ನನ್ನ ಗಂಡ ಅದೇ ಕಂಪನಿಯ ಮೂರನೇ ಯೂನಿಟ್ಟಿನಲ್ಲಿ
ರಾತ್ರಿ ಪಾಳಿ ಮಾಡದೆ ಇದ್ದಿದ್ದರೆ;
ಆ ಚಿಮಣಿಯ ತುದಿ ಉರಿದರೇ
ನಮ್ಮನೆ ಒಲೆ ಉರಿಯುವುದು ಎಂಬುದು ಸುಳ್ಳಾಗಿದ್ದರೆ.

ಅಜ್ಜಿಗೆ ಬಾಣಲೆಯ ತಳದ್ದೂ ಮಸಿ,
ದೌತಿಯೊಳಗಿನದೂ ಮಸಿ.
ಬರೆಯುವುದೂ ಬಳಿಯುವುದೂ ಒಂದರಿಂದಲೇ ಎಂದು
ಆಗ ಹೊಳೆದಿರಲಿಲ್ಲ.

ಹದಿನೇಳನೇ ದಿನದ ಕರ್ಚೀಫು
ಕೆಂಪು ದಾರದ ಸಮೇತ ನನ್ನ ಡ್ರಾಯರಿನಲ್ಲೇ ಉಳಿಯಿತು.
ಕೇಳಿಕೊಂಡು ಅವಳು ಬರಲಿಲ್ಲ. ನಾನು ತೊಳೆಯಲಿಲ್ಲ.

ಈಗಲೂ ಸಂಜೆ
ತಾರಸಿಯ ಮೇಲೆ ಗಂಡನ ಅಂಗಿ ಮಡಚುವಾಗ
ಮೊದಲು ನೋಡುತ್ತೇನೆ,
ಗಾಳಿ ಯಾವ ಕಡೆಯದೆಂದು.