ಇನ್ನೂ ಮೀನು ಬಿಟ್ಟಿಲ್ಲ

ಬರ್ಕಾದಲ್ಲಿ ಜುಲೈ ತಿಂಗಳ ನಲ್ಲಿ ನೀರಿಗೆ
ಚಹಾಪುಡಿ ಹಾಕಿದರೆ ಸಾಕು.
ತಣ್ಣೀರು ಬೇಕಾದವರು ಗೀಸರ್ ಆರಿಸಿ
ಅದರ ಹೊಟ್ಟೆಯಲ್ಲಿ ನಿಂತದ್ದನ್ನು ಹಿಡಿಯಬೇಕು.
ಇಲ್ಲಿ ಕೆಂಪು ಗುರುತಿನ ನಲ್ಲಿ ತಂಪು, ನೀಲಿ ಬೆಂಕಿ.
ಹನ್ನೊಂದು ವರ್ಷವಾಯಿತು, ಕೈಗೆ ರೂಢಿ.

ಹಾಗೆ ಹಿಡಿದ ಎರಡು ಬಕೆಟ್ಟನ್ನು
ಮಂಚದ ಕೆಳಗೆ ಒಂದು ದಿನ ಇಟ್ಟೆ,
ಕ್ಲೋರಿನ್ ಹಾರಿಹೋಗಲಿ ಎಂದು.
ಹಾಕಿದವನೂ ನಾನೇ ಇರಬಹುದು:
ಕಡಲನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ
ರಾತ್ರಿ ಪಾಳಿ, ಮೀಟರುಗಳ ಮುಂದೆ.

ಗಾಜಿನ ತೊಟ್ಟಿ, ಒಂದು ಮೊಳ ಉದ್ದ, ಗೇಣು ಅಗಲ.
ಸೀಬಿನ ಅಂಗಡಿಯ ರೊಮುಲೊ ಕೊಟ್ಟ ಕರಿಮಣ್ಣು,
ರಾಗಿಗಿಂತ ದಪ್ಪ, ಮೆಣಸಿಗಿಂತ ಸಣ್ಣ ಕಾಳು.
ತೊಳೆಯಬೇಡ, ಅಂದಿದ್ದ.
ತೊಳೆದೆ.
ಅಕ್ಕಿ ತೊಳೆದ ಕೈ ಎಲ್ಲಿ ಸುಮ್ಮನಿರುತ್ತದೆ?
ಬಚ್ಚಲ ತೂಬು ಕಟ್ಟಿತು.
ಮೊತಾಲೆಬ್ ಬಂಗಾಳಿಯಲ್ಲಿ ಬೈದು
ಹ್ಯಾಂಗರಿನ ತಂತಿ ನೆಟ್ಟಗೆ ಮಾಡಿ ಕೆದಕಿದ.

ಮಣ್ಣಿನ ಮೇಲೆ ತಟ್ಟೆ, ತಟ್ಟೆಯ ಮೇಲೆ ನೀರು,
ಎಳೆಗೂಸಿನ ನೆತ್ತಿಗೆ ಹುಯ್ಯುವ ಹಾಗೆ, ಲೋಟ ಲೋಟ.
ಮುಳ್ಳು ತೆಗೆಯುವ ಚಿಮುಟದಲ್ಲಿ ಸಸಿ ಊರಿದೆ.
ಐದು ನೆಟ್ಟರೆ ಮೂರು ಮೇಲೆ ಬಂದವು.
ಮತ್ತೆ ಊರಿದೆ. ಎರಡು ಬಂದವು.
ಒಂದನ್ನು ಎತ್ತಿ ಮೊತಾಲೆಬ್ ಬೆಳಕಿಗೆ ಹಿಡಿದ.
'ಇದಕ್ಕೆ ಎರಡು ರಿಯಾಲ್ ಕೊಟ್ಟೆಯಾ?
ನಮ್ಮೂರಲ್ಲಿ ಇದು ದೋಣಿಯ ಹುಟ್ಟಿಗೆ ಸುತ್ತಿಕೊಳ್ಳುತ್ತೆ,
ನಮ್ಮಪ್ಪ ಕುಡುಗೋಲಲ್ಲಿ ಕೊಯ್ದು ದಂಡೆಗೆ ಎಸೀತಿದ್ದ.'
ನಕ್ಕ. ನಗುತ್ತಲೇ
ಒಂದು ಬೆರಳಲ್ಲಿ ಅದನ್ನು ಊರಿದ.
ಅದು ನಿಂತಿತು.

ಬಾಟಲಿಯಲ್ಲಿ ಒಯ್ದ ನನ್ನ ನೀರಿಗೆ
ರೊಮುಲೊ ಕಡ್ಡಿ ಅದ್ದಿ ನೋಡಿದ:
'ಇದರಲ್ಲಿ ಏನೂ ಇಲ್ಲವಲ್ಲ ಅಣ್ಣಾ.'
ಏನೂ ಇಲ್ಲದ ಹಾಗೆ ಮಾಡುವುದಕ್ಕೇ ನನಗೆ ಸಂಬಳ,
ಅನ್ನಲಿಲ್ಲ.
ಒಂದು ರಿಯಾಲ್ ಎಂಟುನೂರು ಬೈಸಾ ಕೊಟ್ಟು
ಬಿಳಿ ಪುಡಿಯ ಪೊಟ್ಟಣ ತಂದೆ.
ರಾತ್ರಿಯೆಲ್ಲ ಕಡಲಿನಿಂದ ಸೋಸಿ ತೆಗೆದದ್ದನ್ನು
ಬೆಳಿಗ್ಗೆ ಚಮಚದ ತುದಿಯಲ್ಲಿ
ಕಾಲು ಕಾಲು ವಾಪಸು ಮಾಡಿದೆ.

ಇನ್ನು ಕಾಯುವುದು.
ಮೊದಲು ಕಣ್ಣಿಗೆ ಕಾಣದವು ಬಂದು ಮನೆ ಮಾಡಬೇಕಂತೆ,
ಆಮೇಲೆ ಕಾಣುವವು.
ಎರಡನೇ ವಾರ ಎಲೆಗಳು ಕರಗಿದವು,
ಬೇಯಿಸಿದ ಬಸಳೆಯ ಹಾಗೆ.
ಕೀಳಬೇಡ, ಬೇರು ಇದೆ,
ಹೊಸ ನೀರಿಗೆ ಬಂದವು ಹಳೆ ಎಲೆ ಇಟ್ಟುಕೊಳ್ಳುವುದಿಲ್ಲ, ಅಂದ.
ಏನೋ ದೊಡ್ಡದು ಹೊಳೆದಂತಾಯಿತು.
ಅಷ್ಟರಲ್ಲಿ ಗಿರಾಕಿ ಬಂದ, ಗಿಳಿಯ ಪಂಜರ ಕೇಳಿದ.

ಗಾಜಿನ ನಳಿಕೆ, ಎಂಟು ಹನಿ ಔಷಧ, ಐದು ನಿಮಿಷ.
ಹಸಿರಾದರೆ ವಿಷ, ಹಳದಿಯಾದರೆ ಒಳ್ಳೆಯದು.
ಇಲ್ಲೂ ಬಣ್ಣ ತಿರುಗುಮುರುಗು.
ಹಸಿರು. ಹಸಿರು. ಸ್ವಲ್ಪ ಹಸಿರು.
ಪಕ್ಕದ ರೂಮಿನವರು ಬಂದು ಬಗ್ಗಿ ನೋಡಿ,
ಮೀನು ಸತ್ತಿತಾ? ಎಂದು ಮೆಲ್ಲಗೆ ಕೇಳಿದರು.
ಶಿಫ್ಟ್ ಇಂಜಿನಿಯರ್ ಹಿಲಾಲ್ ಸಾಹೇಬರು
ಫೋಟೊ ನೋಡಿ,
'ನೀರಂತೂ ಚೆನ್ನಾಗಿದೆ' ಅಂದರು.
ನಮ್ಮ ಕೆಲಸಕ್ಕೆ ಅದೇ ಪ್ರಶಸ್ತಿ.

ಇಪ್ಪತ್ತಾರನೇ ದಿನ, ಪಾಳಿ ಮುಗಿಸಿ
ಕಪ್ಪು ಪರದೆ ಎಳೆದು ಮಲಗಿದವನನ್ನು
ಮೊತಾಲೆಬ್ ಅಲ್ಲಾಡಿಸಿ ಎಬ್ಬಿಸಿದ: ಬಂತು!
ಗಾಜಿನ ಮೇಲೆ ಸಾಸಿವೆಯಷ್ಟು ಬಸವನಹುಳು.
ಯಾವ ಎಲೆಯ ಹಿಂದೆ, ಯಾವ ಪಾಸ್‌ಪೋರ್ಟಿನಲ್ಲಿ ಬಂತೋ.
ಅದು ತಿರುಗಿದಲ್ಲಿ ಪಾಚಿಯ ನಡುವೆ
ಒಂದು ಸ್ವಚ್ಛವಾದ ಗೆರೆ.
ಇಬ್ಬರೂ ಲುಂಗಿಯಲ್ಲಿ ಕೂತು ನೋಡಿದೆವು,
ಅವನ ಲಾಂಡ್ರಿ ಡ್ಯೂಟಿಗೆ ಹೊತ್ತಾಗುವವರೆಗೆ.

ಇವತ್ತು ನಳಿಕೆ ಹಳದಿ.
ಶುಕ್ರವಾರ ಆರು ಮೀನು ತರಬಹುದು, ಅಂದೆ.
ಮೊತಾಲೆಬ್ ಷರ್ಟಿನ ಗುಂಡಿ ಹಾಕುತ್ತ
ತೊಟ್ಟಿಯ ಕಡೆ ನೋಡಿದ.
'ಇನ್ನೊಂದು ವಾರ ಬಿಡು.
ಅದು ಒಂದೇ ಇದೆ. ಸ್ವಲ್ಪ ಅಭ್ಯಾಸವಾಗಲಿ.'