ಒತ್ತಿಲ್ಲದ ಬೋರ್ಡು

ಅರಸೀಕೆರೆ ಜಂಕ್ಷನ್, ಎರಡನೇ ಪ್ಲಾಟ್‌ಫಾರಂ, ರಾತ್ರಿ ಒಂಬತ್ತೂಕಾಲು.
ಏಣಿಯ ಏಳನೇ ಮೆಟ್ಟಿಲಲ್ಲಿ ನಾನು,
ಬಾಯಲ್ಲಿ ಟೆಸ್ಟರು, ಜೇಬಲ್ಲಿ ಬಿಚ್ಚಿದ ಸ್ಕ್ರೂಗಳು.
ಕಂಪ್ಲೇಂಟು ಚೀಟಿಯಲ್ಲಿ ಒಂದೇ ಸಾಲು:
'ಬೋರ್ಡು ಕನ್ನಡ ತಪ್ಪು ತೋರಿಸುತ್ತಿದೆ.'

ತಪ್ಪೇನಲ್ಲ. ತಳದ ಸಾಲಿನ ದೀಪಗಳು ಸತ್ತಿವೆ, ಅಷ್ಟೆ.
ತಲೆಕಟ್ಟು ಇದೆ, ಗುಡಿಸು ಇದೆ, ಕೊಂಬು ಇದೆ,
ಕಾಲಡಿಯ ಒತ್ತುಗಳು ಮಾತ್ರ ಕತ್ತಲೆಯ ಪಾಲು.

ಹುಬ್ಬಳ್ಳಿ ಹುಬಳಿ.
ಶಿವಮೊಗ್ಗ ಶಿವಮೊಗ.
ಎಕ್ಸ್‌ಪ್ರೆಸ್ ಅಂತೂ ಹಲ್ಲುದುರಿದ ಬಾಯಲ್ಲಿ ಎಕ್‌ಪೆಸ್.
ಮೈಸೂರಿಗೆ ಏನೂ ಆಗಿಲ್ಲ, ಪುಣ್ಯವಂತ ಊರು.
'ತಡ' ಎಂಬ ಮಾತಿಗೂ ಒತ್ತಿಲ್ಲ ನೋಡಿ,
ಅದು ಎಂದಿನಂತೆ ದುಂಡಗೆ, ಕೆಂಪಗೆ,
ಒಂದು ಚುಕ್ಕೆಯನ್ನೂ ಕಳಕೊಳ್ಳದೆ ಕೂತಿದೆ.

ಕೆಳಗೆ, ಯಾರದೋ ಕೊಬ್ಬರಿ ಮೂಟೆಯ ಮೇಲೆ
ಒಂದನೇ ಕ್ಲಾಸಿನ ತಸ್ಮಿಯಾ.
ದಾವಣಗೆರೆಯಿಂದ ಚಿಕ್ಕಮ್ಮ ಬರಬೇಕು.
ತೋರುಬೆರಳೆತ್ತಿ ಗಟ್ಟಿಯಾಗಿ ಓದುತ್ತಾಳೆ: ಹು, ಬ, ಳಿ.
'ಅಮ್ಮೀ, ಬಕ್ಕೆ ಬ ಒತ್ತು ಹಾಕಿಲ್ಲ,
ಳಕ್ಕೆ ಳ ಒತ್ತು ಹಾಕಿಲ್ಲ,
ನಮ್ಮ ಮಿಸ್ ಆಗಿದ್ರೆ ಕೆಂಪು ಇಂಕಲ್ಲಿ ಸುತ್ತು ಹಾಕ್ತಿದ್ರು.'
ಮಂಡಿಯಲ್ಲಿ ಚಿಪ್ಪು ಬಿಡಿಸಿ ಕಪ್ಪಾದ ಕೈಯಿಂದ
ಮಗಳ ಜಡೆ ಬಿಗಿಯುತ್ತಾ ತಾಯಿ ಅಂದಳು:
'ರೈಲೇನು ಅದನ್ನ ಓದ್ಕೊಂಡು ಬರುತ್ತಾ? ಸುಮ್ಮನಿರು.'

ನನ್ನ ಕೈ ನಿಂತಿತು.
ಜಾವಗಲ್ ಶಾಲೆಯಲ್ಲಿ
ನನ್ನ ನಾಲಗೆಗೂ ಒತ್ತು ಸಿಕ್ಕುತ್ತಿರಲಿಲ್ಲ.
ಅಜ್ಜ ಅಜ, ಹಬ್ಬ ಹಬ,
'ಇಲ್ಲ ಸಾರ್' ಅನ್ನುವುದೂ 'ಇಲ ಸಾ'.
ಬೆಂಚಿನ ಮೇಲೆ ನಿಲ್ಲಿಸಿ ಮೇಷ್ಟ್ರು
'ಒತ್ತಿ ಹೇಳೋ, ಒತ್ತಿ' ಎಂದರು.
ಒತ್ತಿದೆ. ಚಡ್ಡಿ ಒದ್ದೆಯಾಯಿತು.
ಆಗಲೂ ಹೀಗೇ, ಕೆಳಗಿಂದ ಎಲ್ಲರೂ
ತಲೆಯೆತ್ತಿ ನೋಡುತ್ತಿದ್ದರು.

ಮೇನ್ ಸ್ವಿಚ್ ಇಳಿಸಿದೆ.
ಬೋರ್ಡು ಆರಿದ್ದೇ ತಡ,
ಅಷ್ಟೂ ಕುತ್ತಿಗೆಗಳು ಬಾಣಾವರದ ಕಡೆ ತಿರುಗಿದವು.
ಒಬ್ಬ ಅಂಚಿಗೆ ಬಂದು ಬಗ್ಗಿ ನೋಡಿದ.
ಕಾಫಿ ಕ್ಯಾನಿನವನು 'ಸಿಗ್ನಲ್ ಇನ್ನೂ ಕೆಂಪು' ಎಂದು
ಕೇಳದವರಿಗೂ ಹೇಳಿಕೊಂಡು ಹೋದ.
ನೈಟ್ ಡ್ಯೂಟಿಯ ನರ್ಸೊಬ್ಬಳು ಪಕ್ಕದವಳನ್ನು
ಮೊದಲ ಸಲ ಮಾತಾಡಿಸಿದಳು: ನಿಮಗೂ ಇದೇ ಗಾಡಿನಾ?
ಯಾರೂ ಎಣಿಸದ ನಿಮಿಷಗಳು ಹನ್ನೊಂದೋ ಹನ್ನೆರಡೋ.

ಬೇಕಾಗಿದ್ದು ಒಂಬತ್ತು ಪಟ್ಟಿ.
ಹಾಸನದ ಸ್ಟೋರಿನವರು ಕಟ್ಟಿಕೊಟ್ಟ ಡಬ್ಬಿಯಲ್ಲಿ ಎಂಟು.
ಎಡದಿಂದ ಕೂರಿಸುತ್ತಾ ಬಂದೆ,
ಬಲತುದಿಗೆ ಬರುವಷ್ಟರಲ್ಲಿ ಕೈ ಖಾಲಿ.

ಸ್ವಿಚ್ ಹಾಕಿದೆ.
ಹುಬ್ಬಳ್ಳಿ ತನ್ನ ಎರಡೂ ಕಾಲೂರಿ ನಿಂತಿತು.
ಶಿವಮೊಗ್ಗಕ್ಕೆ ಗಕಾರ ತುಂಬಿ ಬಂತು.
ತಸ್ಮಿಯಾ ಒಂದೊಂದನ್ನೇ ಬೆರಳಲ್ಲಿ ಮುಟ್ಟುತ್ತಾ
ಬಲತುದಿಗೆ ಹೋಗಿ ತಡೆದಳು. ಅಲ್ಲಿ:
ಬರುತಿದೆ.

'ಅಂಕಲ್, ತಕ್ಕೆ ತ ಒತ್ತು?'
'ಮುಗಿದೋಯ್ತು ಮಗಾ.'
ಹೇಳಿದ ಮೇಲೆ ಗೊತ್ತಾಯಿತು,
ನಾನೂ ಎಲ್ಲೋ ಒಂದನ್ನು ನುಂಗಿದ್ದೆ.

ಅವಳು ನಗಲಿಲ್ಲ.
ಕೆಳಗಿಳಿದು, ಮೂಟೆಯ ಧೂಳಿನಲ್ಲಿ
ಬೆರಳನ್ನು ಒತ್ತಿ ಒತ್ತಿ
ಒಂದು ತ ಒತ್ತು ಬರೆದಿಟ್ಟಳು.

ಬೋರ್ಡಿನಲ್ಲಿ ನಾಲ್ಕು ನಿಮಿಷ ಇನ್ನೂ ಬಾಕಿಯಿದ್ದಾಗ
ರೈಲು ಬಂದೇಬಿಟ್ಟಿತು.
ಚಿಕ್ಕಮ್ಮನ ಬ್ಯಾಗು ಮೊದಲು ಇಳಿಯಿತು, ಆಮೇಲೆ ಚಿಕ್ಕಮ್ಮ.
ನಾನು ಏಣಿ ಮಡಚುತ್ತಿದ್ದೆ.
ಮೂಟೆಯವನು ಓಡಿಬಂದು
ಮೂಟೆಯನ್ನು ಹೆಗಲಿಗೆ ಎಸೆದುಕೊಂಡ.
ಕೊನೆಯ ಬೋಗಿಯ ಬಾಗಿಲವರೆಗೂ ಅದು ಕಾಣುತ್ತಿತ್ತು,
ಅವನ ಬೆನ್ನ ಮೇಲೆ, ತಲೆಕೆಳಗಾಗಿ.