ಹತ್ತು ಮೆಟ್ಟಿಲ ಏಣಿ

ಬಾಗಲಕೋಟೆ ನವನಗರ. ಮಧ್ಯಾಹ್ನ ಮೂರು.
ಟ್ಯಾಬ್ ನೋಡಿ ಓದಿದೆ:
"ಹತ್ತು ಮೆಟ್ಟಿಲ ಏಣಿ ಅಂದ್ಕೊಳ್ರಿ,
ತುದೀಗೆ ಸುಖ, ತಳಕ್ಕ ದುಃಖ.
ನೀವೀಗ ಎಲ್ಲಿ ನಿಂತೀರಿ?"

ಕಲ್ಲವ್ವನ ಕೌದಿಸೂಜಿ ನಿಲ್ಲಲಿಲ್ಲ.
"ಮುಳುಗಿದ ಊರಾಗ ಏಣಿ ಯಾಕ ಬೇಕಿತ್ತ?
ನಮ್ಮ ಮಾಳಿಗಿಂದ ಮಾಬೂಬಿ ಮಾಳಿಗಿಗೆ
ಒಂದ ಹೆಜ್ಜಿ.
ಇಲ್ಲಿ ನಳ ಐತಿ, ಗಾಳಿ ಐತಿ, ಸುಳ್ಳ್ಯಾಕ ಹೇಳ್ಲಿ?
ಖರೇ, ಇಷ್ಟಗಲ ರಸ್ತೆ ದಾಟಿ
ಒಂದು ಚಮಚ ಹೆಪ್ಪು ಬರೂದ್ರಾಗ
ಹಾಲು ಆರತೈತಿ."

"ಒಂದು ಅಂಕಿ ಹೇಳ್ರಿ, ಅವ್ವಾ."

"ಏಣಿ ಮನ್ಯಾಗಿಲ್ಲ.
ಎದುರಿನಾಕಿ ಒಯ್ದಾಳ, ಹೊಸಬಾಕಿ,
ಆಕಿ ಮಾತು ನನಗ ತಿಳಿಯಂಗಿಲ್ಲ.
ಸಂಜಿಗೆ ಕೊಡಾಕ ಬರತಾಳ,
ಇಬ್ಬರೂ ಕೂಡಿ ಎಣಿಸ್ತೀವಿ.
ನೀರು ಕುಡದು ಹೋಗು."

ಖಾನೆ ಖಾಲಿ ಬಿಟ್ಟೆ.
ನೀರಿನ ಜೋಡಿ ಬೆಲ್ಲ ಇತ್ತು.